ಎರೆ ಹೊಲದ ತೋಳ, ಗಾಯರಾಣದ ಕಿರುಬ

(ಗದಗದ ಕಾಲೇಜೊಂದರಲ್ಲಿ ಆಡಿದ ಮಾತಿನ ಬರಹ ರೂಪ. ವಿದ್ಯಾರ್ಥಿಗಳ ಜೊತೆ ಸುತ್ತಲಿನ ಹಳ್ಳಿಗಳ ರೈತರು, ಕುರಿಗಾಹಿಗಳು ಬಂದಿದ್ದರು. ಕೊನೆಗೆ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಂಡೀಪುರಕ್ಕೋ ದಾಂಡೇಲಿಗೋ ಹೋಗಿ ಜೀಪಿನಲ್ಲಿ ಕೂತು ಕಾಡು ನೋಡಿ ಬಂದವರು ಎಷ್ಟು ಜನ ಎಂದು ಈಗ ಕೇಳಿದೆ. ಮುಂದಿನ ಸಾಲುಗಳಲ್ಲಿ ಸಾಕಷ್ಟು ಕೈ ಎದ್ದವು. ತೋಳ ನೋಡಿದವರು ಯಾರು ಎಂದಾಗ ಕೈ ಎತ್ತಿದವರೆಲ್ಲ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತ ಹಿರಿಯರು. ಅವರಿಗೆ ಜೀಪು ಬೇಕಾಗಿರಲಿಲ್ಲ, ಟಿಕೆಟ್ಟೂ ಬೇಕಾಗಿರಲಿಲ್ಲ. ಹಾಗಾಗಿ ಇವತ್ತಿನ ನನ್ನ ಮಾತಿನಲ್ಲಿ ಅರ್ಧ ಅವರಿಗೆ ಗೊತ್ತಿರುವುದೇ. ತಪ್ಪಿದ್ದರೆ ಅಲ್ಲೇ ಕೂತು ತಿದ್ದಬೇಕು.

ನಾನು ಪಶುವೈದ್ಯ. ಶಿರಹಟ್ಟಿ, ಮುಂಡರಗಿ ಕಡೆ ನೌಕರಿ ಮಾಡಿದವನು. ಕಾಡುಪ್ರಾಣಿಗಳ ಬಗ್ಗೆ ಓದಿ ತಿಳಿದುಕೊಂಡದ್ದಕ್ಕಿಂತ ಸತ್ತ ಕುರಿಗಳ ಮುಂದೆ ಕೂತು ತಿಳಿದುಕೊಂಡದ್ದೇ ಜಾಸ್ತಿ. ಯಾವ ಹಲ್ಲು, ಎಲ್ಲಿ ಕಚ್ಚಿದೆ, ಎಷ್ಟು ತಿಂದಿದೆ, ಎಳೆದುಕೊಂಡು ಹೋಗಿದೆಯಾ ಬಿಟ್ಟುಹೋಗಿದೆಯಾ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಹೀಗೆ ನೋಡುತ್ತ ನೋಡುತ್ತ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಕಡೆಯ ಬೇಟೆ ಪ್ರಾಣಿಗಳು ಉಳಿದಿರುವುದು ಕುರಿಗಾಹಿ ಸುಮ್ಮನಿದ್ದಾನೆ ಎಂಬ ಕಾರಣಕ್ಕೆ. ಅವನು ಸುಮ್ಮನಿರುವುದನ್ನು ಬಿಟ್ಟ ದಿನ ಯಾವ ಕಾಯ್ದೆಯೂ ಅವನ್ನು ಉಳಿಸುವುದಿಲ್ಲ. ಇದೊಂದನ್ನು ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ಯಾವ ಪ್ರಾಣಿಗಳು? ತೋಳ, ಕತ್ತೆಕಿರುಬ, ನರಿ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ, ಕಾಡುಬೆಕ್ಕು, ಗುಡ್ಡದ ಕಲ್ಲುಗಳ ನಡುವೆ ಚಿರತೆ. ಹುಲಿ ಇಲ್ಲ. ಹುಲಿ ಇಲ್ಲದ ಕಡೆ ನೋಡುವುದಕ್ಕೆ ಏನೂ ಇಲ್ಲ ಎಂದು ನಮ್ಮವರೇ ತಿಳಿದುಕೊಂಡಿದ್ದಾರೆ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಚಿಗರಿ, ಅಂದರೆ ಕೃಷ್ಣಮೃಗ, ಎಂದು ಹೆಸರಿಟ್ಟೆವು, ಒಳ್ಳೆಯದೇ ಆಯಿತು. ಚಿಗರಿಗೆ ಆ ಓಟ ಕಲಿಸಿದವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ತೋಳದಿಂದ ಶುರು ಮಾಡೋಣ. ನಮ್ಮ ತೋಳ ದೊಡ್ಡ ಪ್ರಾಣಿಯಲ್ಲ, ಹೆಚ್ಚೆಂದರೆ 25 ಕೆಜಿ ತೂಗುತ್ತದೆ. ಉದ್ದ ಕಾಲು, ಬಡಕಲು ಮೈ, ಬೂದು ಬೆರೆತ ಕಂದು ಬಣ್ಣ. ಹಿಮದ ನಾಡಿನ ದಪ್ಪ ಕೂದಲಿನ ತೋಳವನ್ನು ಟೀವಿಯಲ್ಲಿ ನೋಡಿದವರಿಗೆ ನಮ್ಮದು ಸೊರಗಿದ ನಾಯಿಯಂತೆ ಕಾಣಬಹುದು. ಆದರೆ ಈಗ ಜಗತ್ತಿನಲ್ಲಿ ಬದುಕಿರುವ ತೋಳಗಳ ಪೈಕಿ ಅತಿ ಹಳೆಯ ಕವಲುಗಳಲ್ಲಿ ಇದೂ ಒಂದು ಎಂದು 2021ರಲ್ಲಿ ಪ್ರಕಟವಾದ ತಳಿ ಅಧ್ಯಯನ ಹೇಳಿದೆ. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 3,000 ಎಂಬ ಅಂದಾಜಿದೆ. ನಮ್ಮ ಹುಲಿಗಳ ಸಂಖ್ಯೆ 3,600 ದಾಟಿದೆ. ಅಂದರೆ ತೋಳ ಹುಲಿಗಿಂತ ಕಡಿಮೆ. ಹುಲಿಗೆ ಐವತ್ತಕ್ಕೂ ಹೆಚ್ಚು ಮೀಸಲು ಪ್ರದೇಶಗಳಿವೆ. ತೋಳಕ್ಕೆಂದೇ ಇರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿದೆ, ಗಂಗಾವತಿ ತಾಲೂಕು. ಹಾವೇರಿ ಜಿಲ್ಲೆಯ ಬಂಕಾಪುರ ಬೇರೆ. ಅಲ್ಲಿನ ಕೋಟೆಯಲ್ಲಿರುವುದು ನವಿಲು. ತೋಳ ಹುಡುಕಿಕೊಂಡು ಶಿಗ್ಗಾಂವಿಯಲ್ಲಿ ಇಳಿಯಬೇಡಿ!

ತೋಳಕ್ಕೆ ದಟ್ಟ ಕಾಡು ಬೇಡ. ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಪಡ ಬಿದ್ದ ಹೊಲ, ಗಾಯರಾಣ ಅಂದರೆ ಊರ ದನ ಮೇಯುವ ಬಯಲು, ಹಳ್ಳದ ದಂಡೆ, ಜಾಲಿ ಮತ್ತು ಬಾರಿಗಿಡದ ಪೊದೆ ಇರಬೇಕು. ಒಂದು ಗುಂಪು ಓಡಾಡುವ ಜಾಗ ನೂರಾರು ಚದರ ಕಿಲೋಮೀಟರು. ಗುಂಪೂ ದೊಡ್ಡದಲ್ಲ, ಗಂಡು, ಹೆಣ್ಣು, ಹಿಂದಿನ ವರ್ಷದ ಮರಿಗಳು, ಅಷ್ಟೇ. ನಮ್ಮ ಯಾವ ಅಭಯಾರಣ್ಯವೂ ಒಂದೆರಡು ಗುಂಪಿಗಿಂತ ಹೆಚ್ಚನ್ನು ಪೂರ್ತಿ ತನ್ನೊಳಗೆ ಇಟ್ಟುಕೊಳ್ಳಲಾರದು. ಕಪ್ಪತಗುಡ್ಡ 244 ಚದರ ಕಿಲೋಮೀಟರು, ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119. ತೋಳ ಅಲ್ಲಿಂದ ಹೊರಗೆ ಬರಲೇಬೇಕು. ಹೊರಗೆ ಇರುವುದು ನಿಮ್ಮ ಹೊಲ.

ಕಪ್ಪತಗುಡ್ಡದ ಕತೆ ಇಲ್ಲಿ ಯಾರಿಗೂ ಹೊಸದಲ್ಲ. ಸಂರಕ್ಷಿತ ಪ್ರದೇಶದ ಪಟ್ಟ ಕೊಟ್ಟದ್ದನ್ನು ಸರಕಾರ 2016ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ಗದಗಿನ ಜನ ಬೀದಿಗಿಳಿದರು. 2017ರಲ್ಲಿ ಪಟ್ಟ ವಾಪಸು ಬಂತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಆಗ ಎಲ್ಲರೂ ಮಾತಾಡಿದ್ದು ಗಣಿ, ಮಳೆ, ಔಷಧಿ ಗಿಡಗಳ ಬಗ್ಗೆ. ಕಿರುಬದ ಹೆಸರು ಹೇಳಿ ಯಾರೂ ಘೋಷಣೆ ಕೂಗಲಿಲ್ಲ. ಆದರೂ ಆ ಹೋರಾಟದಿಂದ ಗುಡ್ಡದ ಗವಿಗಳಲ್ಲಿರುವ ಕಿರುಬವೂ ಉಳಿಯಿತು.

ರಾಣೇಬೆನ್ನೂರಿನದು ಬೇರೆ ಪಾಠ. 1974ರಲ್ಲಿ ಕೃಷ್ಣಮೃಗಕ್ಕೆಂದು ಮಾಡಿದ ಅಭಯಾರಣ್ಯ ಅದು. ಮೂಲತಃ ಕುರುಚಲು ಮತ್ತು ಹುಲ್ಲಿನ ಬಯಲು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀಲಗಿರಿ ನೆಟ್ಟರು. ಚಿಗರಿ ಹೇಗೋ ಹೊಂದಿಕೊಂಡಿತು, ಸಂಖ್ಯೆಯೂ ಬೆಳೆಯಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಇಲ್ಲ. ಬಯಲನ್ನು ಕಂಡ ಕೂಡಲೇ ಗಿಡ ನೆಡಬೇಕು ಅನ್ನಿಸುವುದು ನಮಗೆ ಅಂಟಿಕೊಂಡ ರೋಗ. ಸರಕಾರಿ ಕಾಗದಗಳಲ್ಲಿ ಹುಲ್ಲುಗಾವಲಿಗೆ ಬಂಜರು ಎಂದೇ ಹೆಸರು. ಬಂಜರು ಅಂದ ಮೇಲೆ ಸೋಲಾರ್ ಪ್ಲಾಂಟ್ ಬರುತ್ತದೆ, ಲೇಔಟ್ ಬರುತ್ತದೆ, ಅದೂ ಇಲ್ಲದಿದ್ದರೆ ಪರಿಸರ ದಿನಕ್ಕೆ ಒಂದು ಸಾವಿರ ಸಸಿ ಬರುತ್ತವೆ. ಕಾಲೇಜಿನ ಹುಡುಗರು ಸಸಿ ನೆಡಬೇಡಿ ಎನ್ನುತ್ತಿಲ್ಲ. ಊರೊಳಗೆ ನೆಡಿ, ರಸ್ತೆ ಬದಿಗೆ ನೆಡಿ. ಗಾಯರಾಣ ಬಿಟ್ಟುಬಿಡಿ. ಅಲ್ಲಿ ಹುಲ್ಲೇ ಬೆಳೆಯಲಿ.

ಈಗ ನೋಡುವ ವಿಷಯಕ್ಕೆ ಬರೋಣ. ತೋಳ ನೋಡಬೇಕು ಎಂದು ಹೊರಟರೆ ತೋಳ ಕಾಣುವುದಿಲ್ಲ. ಮೊದಲು ನೆಲ ನೋಡುವುದನ್ನು ಕಲಿಯಬೇಕು. ಬೆಳಿಗ್ಗೆ ಬೇಗ, ದನ ಮತ್ತು ಬೈಕು ಓಡಾಡುವ ಮೊದಲು, ಬಂಡಿ ದಾರಿಯ ಧೂಳು ನೋಡಿ. ಮಳೆ ನಿಂತ ಮರುದಿನ ಎರೆ ಮಣ್ಣಿನ ಮೇಲೆ ಬಿದ್ದ ಹೆಜ್ಜೆಯಂಥದ್ದು ಇನ್ನೊಂದಿಲ್ಲ. ಅಚ್ಚು ಹಾಕಿದ ಹಾಗೆ ಇರುತ್ತದೆ.

ಹೆಜ್ಜೆಯಲ್ಲಿ ಉಗುರಿನ ಗುರುತು ಇದೆಯಾ ಎಂದು ಮೊದಲು ನೋಡಿ. ಚಿರತೆ, ಕಾಡುಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತವೆ. ಅವುಗಳ ಹೆಜ್ಜೆ ದುಂಡಗಿರುತ್ತದೆ, ಉಗುರು ಕಾಣುವುದಿಲ್ಲ. ತೋಳ, ನಾಯಿ, ನರಿ, ಕಿರುಬ ಇವುಗಳ ಉಗುರು ನೆಲಕ್ಕೆ ಒತ್ತಿರುತ್ತದೆ. ಕಿರುಬದ ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು, ಒಮ್ಮೆ ಗುರುತಿಸಿದರೆ ಮತ್ತೆ ಮರೆಯುವುದಿಲ್ಲ. ತೋಳ ಮತ್ತು ನಾಯಿಯದೇ ಕಷ್ಟ. ಒಂದೇ ಹೆಜ್ಜೆ ನೋಡಿ ಹೇಳುವುದಕ್ಕೆ ನಾನಂತೂ ಒಪ್ಪುವುದಿಲ್ಲ. ಸಾಲು ನೋಡಬೇಕು. ಊರ ನಾಯಿ ಅಲ್ಲಿ ಮೂಸಿ, ಇಲ್ಲಿ ನಿಂತು, ಅಡ್ಡಾದಿಡ್ಡಿ ಹೋಗುತ್ತದೆ. ತೋಳಕ್ಕೆ ಸುಮ್ನೆ ಅಲೆಯುವುದಕ್ಕೆ ಶಕ್ತಿ ಇಲ್ಲ, ರಾತ್ರಿಯಿಡೀ ನಡೆಯಬೇಕು. ಅದು ನೇರ ಗೆರೆಯಲ್ಲಿ ಹೋಗುತ್ತದೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ.

ಹಿಕ್ಕೆ ನೋಡಲು ಹೇಸಬೇಡಿ. ತೋಳದ್ದರಲ್ಲಿ ಕೂದಲು, ಎಲುಬಿನ ಚೂರು. ನರಿಯದ್ದರಲ್ಲಿ ಬಾರಿಹಣ್ಣಿನ ಬೀಜ, ಇಲಿಯ ಕೂದಲು, ಹುಳುಗಳ ರೆಕ್ಕೆ. ಕಿರುಬ ಎಲುಬು ಅರೆದು ತಿನ್ನುವುದರಿಂದ ಅದರ ಹಿಕ್ಕೆ ಒಣಗಿದಾಗ ಸುಣ್ಣದ ಉಂಡೆಯಂತೆ ಬೆಳ್ಳಗಾಗುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಅದರಲ್ಲಿ ಹುಳುವಿನ ಮೊಟ್ಟೆ ಇರುತ್ತವೆ. ಕಡ್ಡಿಯಿಂದ ಬಿಡಿಸಿ. ಬರೆದಿಟ್ಟುಕೊಳ್ಳಿ: ದಿನ, ಜಾಗ, ಏನು ಬೆಳೆ ಇತ್ತು, ಕುರಿಹಟ್ಟಿ ಹತ್ತಿರ ಇತ್ತಾ. ಎರಡು ವರ್ಷ ಹೀಗೆ ಬರೆದ ಒಂದು ನೋಟ್‌ಬುಕ್ಕು ಎಷ್ಟೋ ಫೋಟೊಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಾಣಿಯೇ ಕಂಡರೆ? ನಿಂತುಬಿಡಿ. ಬೈಕಿನಲ್ಲಿದ್ದರೆ ಬೆನ್ನು ಹತ್ತಬೇಡಿ. ಚಿಗರಿ, ನರಿ, ತೋಳಗಳ ಹಿಂದೆ ಬೈಕು ಓಡಿಸಿ ವಿಡಿಯೊ ಮಾಡುವ ಚಾಳಿ ಬಂದಿದೆ. ಅದು ಬೇಟೆಯೇ, ಕೈಯಲ್ಲಿ ಬಂದೂಕಿನ ಬದಲು ಮೊಬೈಲಿದೆ ಅಷ್ಟೇ. ರಾತ್ರಿ ದೊಡ್ಡ ಲೈಟು ಬಿಟ್ಟು ಹುಡುಕುವುದೂ ಬೇಡ. ಇನ್ನು ಬಿಲ. ತೋಳ ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಬಿಲದ ಹತ್ತಿರ ಮನುಷ್ಯರ ಓಡಾಟ ಹೆಚ್ಚಾದರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ. ಹಗಲಲ್ಲೂ ಸಾಗಿಸಬೇಕಾಗುತ್ತದೆ, ದಾರಿಯಲ್ಲಿ ನಾಯಿಗಳಿರುತ್ತವೆ. ಹಾಗಾಗಿ ಬಿಲ ಕಂಡರೆ ಫೋಟೊ ಬೇಡ, ಲೊಕೇಶನ್ ಹಂಚುವುದಂತೂ ಬೇಡವೇ ಬೇಡ. ವಾಟ್ಸಾಪಿನಲ್ಲಿ ಬಿದ್ದ ಬಿಲಕ್ಕೆ ಮರುದಿನ ಜಾತ್ರೆ ನೆರೆಯುತ್ತದೆ.

ಈಗ ಕಷ್ಟದ ಮಾತು, ಕುರಿ.

ತೋಳ ಚಿಗರಿ ತಿನ್ನುತ್ತದೆ, ಮೊಲ ತಿನ್ನುತ್ತದೆ, ಇಲಿಯನ್ನೂ ತಿನ್ನುತ್ತದೆ. ಆದರೆ ನಮ್ಮ ಕಡೆ ಅದರ ಹೊಟ್ಟೆ ತುಂಬುವುದರಲ್ಲಿ ಕುರಿ-ಮೇಕೆಯ ಪಾಲು ದೊಡ್ಡದು. ಇದನ್ನು ಮುಚ್ಚಿಡುವ ಪ್ರಾಣಿಪ್ರಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಂಡರಗಿ ಕಡೆ ಒಂದು ಹಟ್ಟಿಯಲ್ಲಿ ಮೂರು ಮರಿ ಹೋದ ಬೆಳಿಗ್ಗೆ ಹಿರಿಯ ಕುರಿಗಾಹಿಯೊಬ್ಬರು ನನಗೆ ಹೇಳಿದರು, "ಅದಕ್ಕೂ ಹೊಟ್ಟಿ ಐತ್ರಿ ಡಾಕ್ಟ್ರ. ಅದರ ಪಾಲು ಅದು ಒಯ್ದೈತಿ." ಪಕ್ಕದಲ್ಲೇ ನಿಂತಿದ್ದ ಅವರ ಮಗ ಅಂದ, "ಯಪ್ಪಾ, ಪಾಲು ಕೊಡಾಕ ಕುರಿ ನಿನ್ನವೇನು? ಸಾಲ ಮಾಡಿ ತಂದಾವು." ಇಬ್ಬರ ಮಾತೂ ಸರಿ. ಅಪ್ಪನ ಕಾಲದಲ್ಲಿ ಒಂದು ಟಗರಿನ ಬೆಲೆ ಸಹಿಸುವಷ್ಟಿತ್ತು, ಮೇಯಿಸಲು ಬಯಲೂ ಇತ್ತು. ಈಗ ಟಗರಿಗೆ ಹತ್ತು ಹದಿನೈದು ಸಾವಿರ. ಬಯಲು ಇಲ್ಲ. ಮಗನಿಗೆ ಅಪ್ಪನ ದೊಡ್ಡ ಮನಸ್ಸು ಬರಲಿ ಎಂದು ಭಾಷಣ ಮಾಡಿದರೆ ಏನೂ ಆಗುವುದಿಲ್ಲ. ಅವನ ನಷ್ಟ ಬೇಗ ತುಂಬಿಕೊಡಬೇಕು.

ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ. ಕಾಡಿನೊಳಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ, ಹೊಲದಲ್ಲಿ ಸತ್ತರೂ ಕೇಳಬಹುದು. ಆದರೆ ಕೆಲಸ ಕೆಡುವುದು ಮೊದಲ ದಿನವೇ. ಸತ್ತ ಕುರಿಯನ್ನು ಹೂಳುತ್ತಾರೆ, ಇಲ್ಲವೇ ಮಾರಿಬಿಡುತ್ತಾರೆ, ಆಮೇಲೆ ಅರ್ಜಿ ಬರೆಯುತ್ತಾರೆ. ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ. ಹಾಗೆ ಮಾಡಬೇಡಿ. ಸತ್ತ ಪ್ರಾಣಿಯನ್ನು ಅಲ್ಲೇ ಬಿಡಿ. ನಾಯಿ ಬಾರದ ಹಾಗೆ ಮುಳ್ಳು ಮುಚ್ಚಿ. ಕುತ್ತಿಗೆ, ತೊಡೆ, ಸುತ್ತಲಿನ ಹೆಜ್ಜೆ ಇವುಗಳ ಫೋಟೊ ತೆಗೆಯಿರಿ, ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಟ್ಟು ತೆಗೆದರೆ ಅಳತೆ ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಪಶು ಆಸ್ಪತ್ರೆಗೂ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ, ಪಂಚನಾಮೆ ಎರಡೂ ಬೇಕು. ವಲಸೆ ಹೋದ ಹಟ್ಟಿಯವರಿಗೆ ಇದು ಇನ್ನೂ ಕಷ್ಟ. ಊರು ಒಂದು ತಾಲೂಕು, ಕುರಿ ಸತ್ತದ್ದು ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕು ಮನೆಯಲ್ಲಿ. ಅಂಥವರಿಗೆ ನೀವು ಹುಡುಗರು ಒಂದು ಅರ್ಜಿ ಬರೆದುಕೊಡಿ. ವನ್ಯಜೀವಿ ಸಂರಕ್ಷಣೆ ಎಂದು ರ‍್ಯಾಲಿ ಮಾಡುವುದಕ್ಕಿಂತ ಅದು ದೊಡ್ಡ ಕೆಲಸ. ನಾನು ತಮಾಷೆಗೆ ಹೇಳುತ್ತಿಲ್ಲ.

ಯಾರು ಕೊಂದದ್ದು ಎಂಬುದೂ ಮುಖ್ಯ. ತೋಳ ಎಂದು ನನ್ನ ಮುಂದೆ ತಂದ ಕುರಿಗಳಲ್ಲಿ ನಾಯಿ ಕಚ್ಚಿದವು ಸಾಕಷ್ಟು ಇರುತ್ತಿದ್ದವು. ನಾಯಿಗಳ ಗುಂಪು ಎಲ್ಲೆಂದರಲ್ಲಿ ಕಚ್ಚಿರುತ್ತದೆ, ಕಿವಿ, ಹೊಟ್ಟೆ, ಕಾಲು. ಹಲವು ಕುರಿ ಸತ್ತಿರುತ್ತವೆ, ತಿಂದದ್ದು ಬಹಳ ಕಡಿಮೆ. ಚಿರತೆಯಾದರೆ ಗಂಟಲಲ್ಲಿ ಆಳವಾದ ತೂತು, ಮೈ ಬೇರೆ ಕಡೆ ಅಷ್ಟಾಗಿ ಹರಿದಿರುವುದಿಲ್ಲ, ಎಳೆದುಕೊಂಡು ಹೋದ ಗುರುತು ಇರುತ್ತದೆ. ತೋಳ ಮರಿಯನ್ನಾದರೆ ಎತ್ತಿಕೊಂಡೇ ಹೋಗುತ್ತದೆ. ಕಿರುಬದ ಮೇಲೆ ಬರುವ ಆರೋಪಗಳಲ್ಲಿ ಹೆಚ್ಚಿನವು ಸುಳ್ಳು. ಅದು ಮುಖ್ಯವಾಗಿ ಸತ್ತದ್ದನ್ನು ತಿನ್ನುವ ಪ್ರಾಣಿ. ಬೆಳಿಗ್ಗೆ ಹೆಣದ ಹತ್ತಿರ ಅದರ ಹೆಜ್ಜೆ ಸಿಕ್ಕರೆ ಕೊಂದದ್ದೂ ಅದೇ ಎಂದು ಆಗಲಿಲ್ಲ.

ನಾಯಿಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಊರ ಹೊರಗಿನ ತಿಪ್ಪೆ, ಕೋಳಿ ಅಂಗಡಿಯ ಕಸ, ಹೆದ್ದಾರಿ ಢಾಬಾದ ಉಳಿಕೆ ತಿಂದು ನಾಯಿಗಳ ಗುಂಪು ಬೆಳೆಯುತ್ತಿದೆ. ಅವು ಚಿಗರಿಯ ಮರಿ ಹಿಡಿಯುತ್ತವೆ. ಡಿಸ್ಟೆಂಪರ್, ಪಾರ್ವೊ, ರೇಬೀಸ್ ರೋಗಗಳನ್ನು ತೋಳ ಮತ್ತು ನರಿಗೆ ಅಂಟಿಸುತ್ತವೆ. ತೋಳದ ಜೊತೆ ಕೂಡಿ ಮಿಶ್ರ ಮರಿಗಳೂ ಆಗುತ್ತವೆ. ಪುಣೆ ಸುತ್ತ ಇಂಥ ಮಿಶ್ರತಳಿ ಇರುವುದು ತಳಿ ಪರೀಕ್ಷೆಯಿಂದ ಖಚಿತವಾಗಿದೆ. ಹಟ್ಟಿಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ನಾಯಿಗೂ ಒಳ್ಳೆಯದು, ನಿಮಗೂ ಒಳ್ಳೆಯದು, ತೋಳಕ್ಕೂ ಒಳ್ಳೆಯದು. ಕಸ ಎಲ್ಲಿ ಚೆಲ್ಲುತ್ತಾರೆ ಎಂದು ಪಂಚಾಯಿತಿಯಲ್ಲಿ ಕೇಳುವುದು ವನ್ಯಜೀವಿ ಕೆಲಸವೇ.

ಉರುಳು, ಸಿಡಿಮದ್ದು, ಬೇಲಿಗೆ ಬಿಟ್ಟ ಕರೆಂಟು ಇವುಗಳನ್ನು ಹಂದಿಗೆಂದು ಇಡುತ್ತಾರೆ. ಸಾಯುವುದು ನರಿ, ಚಿರತೆ, ಎಷ್ಟೋ ಸಲ ಇಟ್ಟವನ ಎತ್ತು. ಸತ್ತ ಕುರಿಗೆ ಕ್ರಿಮಿನಾಶಕ ಸುರಿದು ಇಟ್ಟರೆ ಅದನ್ನು ತಿಂದ ಕಿರುಬ, ಹದ್ದು, ನಿಮ್ಮದೇ ನಾಯಿ ಎಲ್ಲವೂ ಸಾಲಾಗಿ ಬೀಳುತ್ತವೆ. ತೋಳ, ಚಿರತೆ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಚಿರತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಕ್ಕೆ ಟೀವಿಯವರು ಇದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಾಣಿಸಿಕೊಂಡದ್ದು ನೆನಪಿದೆಯಲ್ಲ? ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಅದೇ ತಿಂಗಳು ಧಾರವಾಡ ತಾಲೂಕಿನ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು. ಊರೊಳಗೆ ಬಂದ ಚಿರತೆಗೆ ಬೇಕಾಗಿರುವುದು ಹೊರಗೆ ಹೋಗುವ ದಾರಿ. ಆ ದಾರಿಯಲ್ಲೇ ನಾವು ಸಾವಿರ ಜನ ನಿಂತಿರುತ್ತೇವೆ. ಹಿಡಿದು ದೂರ ಬಿಟ್ಟರೆ ಮುಗಿಯಿತು ಎಂಬುದೂ ತಪ್ಪು ಲೆಕ್ಕ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2000ದ ದಶಕದ ಆರಂಭದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಡತೊಡಗಿದ ಮೇಲೆ ಜನರ ಮೇಲಿನ ದಾಳಿ ಹೆಚ್ಚಾಯಿತು, ಕಡಿಮೆಯಾಗಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಏನು ಮಾಡೀತು ಹೇಳಿ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ತೋಳ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ ಅಂತಾರಲ್ಲ ಸರ್, ಸುಳ್ಳಾ? ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಸುಳ್ಳಲ್ಲ ಎಂದೆ. ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ 2024ರಲ್ಲಿ ಮಕ್ಕಳು ಸತ್ತಿದ್ದಾರೆ. ಹಾಗೆ ಆಗುವುದು ಅಪರೂಪ, ಆದರೆ ಆದ ಮನೆಗೆ ಅಪರೂಪ ಎಂಬ ಮಾತು ಸಮಾಧಾನ ಕೊಡುವುದಿಲ್ಲ. ಹಟ್ಟಿಯಲ್ಲಿ ಸಣ್ಣ ಮಕ್ಕಳನ್ನು ಅಂಚಿಗೆ ಮಲಗಿಸಬೇಡಿ, ನಡುವೆ ಮಲಗಿಸಿ. ಹೆದರದೆ ಮೈಮೇಲೆ ಬರುವ ತೋಳ ಅಥವಾ ನರಿಗೆ ರೇಬೀಸ್ ಇದೆ ಎಂದೇ ತಿಳಿಯಿರಿ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ರೋಣದ ಕಡೆಯ ರೈತರೊಬ್ಬರು ಎದ್ದರು. ಚಿಗರಿಗಳು ಹೆಸರು, ಕಡಲೆಯ ಮೊಳಕೆ ಉಳಿಸುವುದಿಲ್ಲ, ತೋಳ ಇದ್ದರೆ ಆ ಕಾಟ ತಪ್ಪುತ್ತದಾ ಎಂದರು. ಪೂರ್ತಿ ತಪ್ಪುತ್ತದೆ ಎಂದರೆ ನಿಮಗೆ ಮೋಸ ಮಾಡಿದ ಹಾಗೆ. ಒಂದು ಗುಂಪು ತೋಳ ನೂರಾರು ಚಿಗರಿಯನ್ನು ಮುಗಿಸುವುದಿಲ್ಲ. ತೋಳ ಓಡಾಡುವ ಕಡೆ ಚಿಗರಿ ಒಂದೇ ಹೊಲದಲ್ಲಿ ನೆಮ್ಮದಿಯಿಂದ ನಿಂತು ಮೇಯುವುದು ಕಷ್ಟ, ಅಷ್ಟು ಹೇಳಬಲ್ಲೆ. ಇಲಿಯ ಲೆಕ್ಕ ಬೇರೆ. ಇಲಿಯ ಮಟ್ಟಿಗೆ ನರಿ ನಿಮ್ಮ ಆಳು, ಕೂಲಿ ಕೇಳದ ಆಳು.

ಕ್ಯಾಮೆರಾ ಇಡಬಹುದಾ ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಅಭಯಾರಣ್ಯ ಮತ್ತು ಕಾಯ್ದಿಟ್ಟ ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ಇಡುವಂತಿಲ್ಲ. ಮೊದಲ ವರ್ಷ ನೋಟ್‌ಬುಕ್ಕಿನಲ್ಲೇ ಕಳೆಯಮ್ಮ, ಆಮೇಲೆ ಕ್ಯಾಮೆರಾ ಎಲ್ಲಿ ಕಟ್ಟಬೇಕು ಎಂಬುದಾದರೂ ಗೊತ್ತಿರುತ್ತದೆ ಎಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, "ನಮ್ಮ ಹೊಲದ ಒಡ್ಡಿನ್ಯಾಗ ತ್ವಾಳ ಮರಿ ಹಾಕಿದ್ರ ಏನ್ ಮಾಡಬೇಕ್ರಿ?" ಎಂದರು. ಮರಿ ಮುಟ್ಟಬೇಡಿ, ಮನೆಗೆ ತರಬೇಡಿ ಎಂದೆ. ತಾಯಿ ಹತ್ತಿರದಲ್ಲೇ ಇರುತ್ತದೆ, ಬಿಟ್ಟುಹೋಗಿಲ್ಲ. ಉಳಿದ ಹೊಲದ ಕೆಲಸ ಮೊದಲು ಮುಗಿಸಿ, ಒಡ್ಡಿನ ಸುತ್ತಲಿನ ನಾಲ್ಕಾರು ಸಾಲು ಕೊನೆಗೆ ಇಟ್ಟುಕೊಳ್ಳಿ. ನಾಯಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಡಿ. ಹತ್ತಿರ ಕುರಿಹಟ್ಟಿ ಬಿಟ್ಟಿದ್ದರೆ ಅವರಿಗೆ ಮಾತ್ರ ಕಿವಿಯಲ್ಲಿ ಹೇಳಿ, ಹಟ್ಟಿ ಸ್ವಲ್ಪ ದೂರಕ್ಕೆ ಒಯ್ಯುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ. ಊರಿಗೆಲ್ಲ ಹೇಳಬೇಡಿ.

"ಎಷ್ಟ ದಿನಾರಿ?"

ಎರಡು, ಎರಡೂವರೆ ತಿಂಗಳು. ಆಮೇಲೆ ಮರಿಗಳು ಬಿಲ ಬಿಟ್ಟು ತಾಯಿಯ ಜೊತೆ ಓಡಾಡತೊಡಗುತ್ತವೆ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಡಿಸೆಂಬರದಾಗ ಹಾಕಿದ್ರ ಫೆಬ್ರುವರಿ. ಕಡ್ಲಿ ಕೀಳೂದು ಹೆಂಗೂ ಆಗಲೇ ಬರತೈತಿ. ತಡದೇವು ಬಿಡ್ರಿ," ಎಂದು ಕೂತರು. ಪಕ್ಕದಲ್ಲಿದ್ದವರು, ಒಡ್ಡು ನಿಂದು ಸರಿ, ನಾಯಿ ಮಾತ್ರ ನಮ್ಮದು ಐತಲ್ಲೋ ಕಾಕಾ ಎಂದರು. ಅದನ್ನು ಕಟ್ಟಿಹಾಕುವುದು ಹೇಗೆ ಎಂಬ ಮಾತು ಚಹಾದವರೆಗೂ ನಡೆಯಿತು.